ಹೆಸರು ತೆಗೆದಿಟ್ಟ ಬರಹ

"ಅಜ್ಜಿ, ಆಫೀಸು ಅಂದ ತಕ್ಷಣ ನೀನು ದೊಡ್ಡದಾಗಿ ಏನೋ ಅಂದ್ಕೋಬೇಡ. ಲೈಬ್ರರಿ ಹಿಂದೆ, ಮೆಟ್ಟಿಲ ಕೆಳಗೆ ಒಂದು ಕೋಣೆ ಅಷ್ಟೆ. ಒಂದು ಕಡೆ ನಿಂತರೆ ತಲೆ ತಾಗುತ್ತೆ. ಉದ್ದದ್ದೊಂದು ಟೇಬಲ್ಲು, ಕಾಲು ಅಲ್ಲಾಡೋ ಕುರ್ಚಿಗಳು, ಗಾಳಿಗಿಂತ ಸದ್ದೇ ಜಾಸ್ತಿ ಮಾಡೋ ಫ್ಯಾನು. ಅಲ್ಲಿ ಕೂತು ನಾವು ಕಾನೂನಿನ ಪತ್ರಿಕೆ ತರ್ತೀವಿ. ಮೇಷ್ಟ್ರುಗಳು ಕೈ ಹಾಕಲ್ಲ, ಎಲ್ಲಾ ವಿದ್ಯಾರ್ಥಿಗಳದ್ದೇ. ತಲೆ ನರೆತ ವಕೀಲರು, ಪ್ರೊಫೆಸರುಗಳು ಬರೆದು ಕಳಿಸ್ತಾರೆ. ಅದನ್ನ ಇಟ್ಕೋಬೇಕಾ ಬಿಡಬೇಕಾ ಅಂತ ಹೇಳೋರು ಇನ್ನೂ ಮೀಸೆ ಚಿಗುರದ ಹುಡುಗರು, ನಮ್ಮಂಥ ಹುಡುಗೀರು. ಯಾರು ಬರೆದದ್ದು ಅಂತ ನಮಗೆ ಗೊತ್ತಾಗಲ್ಲ. ಹೆಸರು ತೆಗೆದೇ ಓದಕ್ಕೆ ಕೊಡೋದು. ಹೆಸರಿದ್ರೆ ದೊಡ್ಡವರಿಗೆ ಹೆದರ್ತೀವಿ, ಗುರುತಿನವರಿಗೆ ಸಲಿಗೆ ಕೊಡ್ತೀವಿ ಅಂತ. ಒಳ್ಳೇ ನಿಯಮ ಅಜ್ಜಿ. ಕಂಡೋರ ಹತ್ರ ಎಲ್ಲ ಹೊಗಳ್ತಿದ್ದೆ. ಹೆಸರಿಲ್ಲ ಅಂದ್ರೆ ಅದರ ಹಿಂದೆ ಮನುಷ್ಯರೂ ಇಲ್ಲ ಅಂತ ಯಾವಾಗ ಅಂದ್ಕೊಂಡ್ನೋ ಗೊತ್ತಿಲ್ಲ. ಬೇಡ ಅಂತ ವಾಪಸ್ ಕಳಿಸಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಆ ಬರಹ ಅಚ್ಚಾಗೋ ಹಾಗೆ ಇರಲಿಲ್ಲ, ಇವತ್ತು ಕೇಳಿದ್ರೂ ಅದನ್ನೇ ಹೇಳ್ತೀನಿ. ಆದ್ರೆ ಎದ್ದು ನಿಂತು, ದನಿ ನಡುಗಿಸಿ ಓದಿ, ಕೋಣೆ ತುಂಬ ನಗಿಸಿದೆನಲ್ಲ, ಅದು. ಅತ್ತೆ ಬರೆದದ್ದನ್ನ. ಈಗ ಅತ್ತೆ ಎದುರು ಕೂತು ತುತ್ತು ಎತ್ತಕ್ಕಾಗ್ತಿಲ್ಲ ನನಗೆ."

ಹೀಗೆ ಹೇಳಿದವಳು ನನ್ನ ಮೊಮ್ಮಗಳು, ಮಗನ ಮಗಳು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದಳು. ನಾನು ಬಟ್ಟೆ ಮಡಚುತ್ತಿದ್ದೆ. ನಡುವೆ ಬಾಯಿ ಹಾಕಲಿಲ್ಲ. ಈ ಹುಡುಗಿ ಚಿಕ್ಕಂದಿನಿಂದಲೂ ಹಾಗೆಯೇ, ಯಾರಾದರೂ ನಡುವೆ 'ಅಯ್ಯೋ ಪಾಪ' ಅಂದುಬಿಟ್ಟರೆ ಮಾತನ್ನು ಅಲ್ಲಿಗೇ ನುಂಗಿಬಿಡುತ್ತಾಳೆ.

ಅವಳು ಕಾನೂನು ಓದಲು ಹೋದದ್ದೇ ಅವಳ ಅತ್ತೆಯ ಬೆನ್ನು ಹತ್ತಿ. ಆ ಅತ್ತೆ ನನ್ನ ಮಗಳು, ಮಗನಿಗಿಂತ ಹಿರಿಯಳು. ಮದುವೆ ಬೇಡವೆಂದಳು, ನಾವೂ ಒಂದಷ್ಟು ವರ್ಷ ಹೇಳಿ ಸುಮ್ಮನಾದೆವು. ಗಂಡ ಹೆಂಡಿರ ಮೊಕದ್ದಮೆಗಳು ನಡೆಯುವ ಕೋರ್ಟಿನಲ್ಲಿ ವಕೀಲೆ. ಬೀದಿಯವರಿಗೆಲ್ಲ ಲಾಯರಮ್ಮ. ಸಂಜೆ ಬಂದು ಕರಿ ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳೆಂದರೆ ಅವತ್ತಿನ ಕೋರ್ಟು ನಮ್ಮ ಮನೆಯಲ್ಲಿ ಮತ್ತೊಂದು ಸಲ ನಡೆಯುತ್ತಿತ್ತು. ಕಕ್ಷಿದಾರರ ಹೆಸರು ಹೇಳುತ್ತಿರಲಿಲ್ಲ. 'ಒಬ್ಬಾಕೆ' ಎನ್ನುವಳು, 'ಒಬ್ಬ ಮಹಾನುಭಾವ' ಎನ್ನುವಳು. ಜಡ್ಜ್ ಆಕಳಿಸಿದ್ದು, ಎದುರು ಕಡೆಯ ವಕೀಲ ಕನ್ನಡಕ ಮರೆತು ಬಂದು ಯಾರದೋ ಅರ್ಜಿಯನ್ನು ತನ್ನದೆಂದು ಓದಿದ್ದು, ಎಲ್ಲವೂ ಬರುತ್ತಿತ್ತು. ಮೊಮ್ಮಗಳು ನೆಲದ ಮೇಲೆ ಕೂತು, ಪೆನ್ಸಿಲ್ ಕಚ್ಚಿಕೊಂಡು ಕಿವಿ ನಿಮಿರಿಸಿ ಕೇಳುವಳು. "ಹಾಗಂತ ಯಾರು ಹೇಳಿದ್ರು ಅತ್ತೆ? ನಿನಗೆ ಹೇಗೆ ಗೊತ್ತು?" ಎಂದು ನಡುನಡುವೆ ಕೊಕ್ಕೆ ಹಾಕುವಳು. "ಇವಳಿಗೆ ಸಾಕ್ಷಿ ಇಲ್ಲದೆ ಊಟವೂ ಇಳಿಯಲ್ಲ," ಎಂದು ಅತ್ತೆ ಅವಳ ಜಡೆ ಎಳೆಯುವಳು.

ಕಾಲೇಜಿನಲ್ಲಿ ಆ ಕೊಕ್ಕೆಯೇ ಅವಳ ಕೈಹಿಡಿಯಿತು. ಪತ್ರಿಕೆಗೆ ಸೇರಿದ ಹೊಸಬರಿಗೆ ಮೊದಲ ವರ್ಷ ಒಂದೇ ಕೆಲಸವಂತೆ, ಆಧಾರ ನೋಡುವುದು. ಬರೆದವರು ಪ್ರತಿ ಪುಟದ ಕೆಳಗೂ ಸಣ್ಣ ಅಕ್ಷರದಲ್ಲಿ, ಈ ಮಾತು ಇಂಥ ತೀರ್ಪಿನ ಇಂಥ ಪುಟದಲ್ಲಿದೆ ಎಂದು ಹಾಕಿರುತ್ತಾರೆ. ಅದಕ್ಕೆ ಅಡಿಟಿಪ್ಪಣಿ ಎನ್ನುತ್ತಾರೆ. ಹೊಸಬರು ಲೈಬ್ರರಿಯಿಂದ ಆ ಪುಸ್ತಕ ಹೊತ್ತು ತಂದು, ಆ ಪುಟ ತೆಗೆದು, ಆ ಮಾತು ಅಲ್ಲಿ ಹಾಗೆಯೇ ಇದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಉಳಿದವರು ಹತ್ತರಲ್ಲಿ ಎರಡು ನೋಡಿ ಸರಿ ಎಂದು ಗುರುತು ಹಾಕಿದರೆ ಇವಳು ಹತ್ತನ್ನೂ ನೋಡುವಳು. ಒಮ್ಮೆ ದೊಡ್ಡವರೊಬ್ಬರ ಲೇಖನದಲ್ಲಿ ಜಡ್ಜ್ ಹೇಳಿದ್ದೆಂದು ಬಂದಿದ್ದ ಮಾತನ್ನು ಹುಡುಕಿದರೆ, ಅದನ್ನು ಹೇಳಿದ್ದು ಜಡ್ಜ್ ಅಲ್ಲ, ಆ ಮೊಕದ್ದಮೆಯಲ್ಲಿ ಸೋತ ವಕೀಲ. ತೀರ್ಪಿನಲ್ಲಿ ಅವನ ವಾದವನ್ನೂ ಬರೆದಿದ್ದರು, ದೊಡ್ಡವರು ಅದನ್ನೇ ತೀರ್ಪೆಂದು ಎತ್ತಿಕೊಂಡಿದ್ದರು. ಅವತ್ತಿನಿಂದ ಗೆಳೆಯರು ಇವಳನ್ನು 'ಸೂಜಿ' ಎಂದು ಕರೆಯತೊಡಗಿದರು. ಆ ಹೆಸರನ್ನು ಮನೆಗೂ ತಂದು ಹೇಳಿಕೊಂಡಳು, ಪದಕ ಸಿಕ್ಕಿದವಳ ಹಾಗೆ. ನಮ್ಮ ಬಾಯಲ್ಲೂ ಅದೇ ನಿಂತಿತು.

ಎರಡು ವರ್ಷ ಕಳೆಯುವುದರೊಳಗೆ ಅವಳು ಬರಹಗಳನ್ನು ಓದಿ ಬೇಕು ಬೇಡ ಹೇಳುವವರ ಸಾಲಿಗೆ ಬಂದಳು. ಹೆಸರುಗಳನ್ನು ಕಾಯಲು ಒಬ್ಬನೇ ಹುಡುಗ. ಬಂದ ಬರಹದಿಂದ ಹೆಸರು, ಊರು, ಕೆಲಸ ಎಲ್ಲ ತೆಗೆದು, ಅದಕ್ಕೊಂದು ಹಕ್ಕಿಯ ಹೆಸರಿಟ್ಟು ಓದುವವರಿಗೆ ಕೊಡುವುದು ಅವನ ಕೆಲಸ. ಯಾರು ಏನು ಕೇಳಿದರೂ ಬಾಯಿ ಬಿಡುವುದಿಲ್ಲ, ಅದಕ್ಕೆ ಅವನು 'ಬೀಗ'. ಶುಕ್ರವಾರ ಮಧ್ಯಾಹ್ನ ಎಲ್ಲರೂ ಸೇರಿ, ಕೊಕ್ಕರೆ ಇರಲಿ, ಗಿಡುಗ ತಿದ್ದಿ ಬರಲಿ, ಪಾರಿವಾಳ ಬೇಡ ಎಂದು ತೀರ್ಮಾನ ಮಾಡುತ್ತಾರೆ. ಹೀಗೊಂದು ಶುಕ್ರವಾರ 'ಗುಬ್ಬಿ' ಸೂಜಿಯ ಕೈಗೆ ಬಂತು.

ಗುಬ್ಬಿ ಒಂದು ಕೋಣೆಯ ಬಗ್ಗೆ ಬರೆದಿತ್ತು. ಬೇರೆಯಾದ ತಂದೆತಾಯಿಗಳಿಗೆ ಕೋರ್ಟಿನಲ್ಲಿಯೇ ಒಂದು ಗಂಟೆ ಮಗುವನ್ನು ನೋಡಲು ಬಿಡುವ ಕೋಣೆ. ಅಲ್ಲಿ ಬೆಂಚು ಎಲ್ಲಿದೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ಮಕ್ಕಳು ಹೇಗೆ ಕೂರುತ್ತಾರೆ, ಇಂಥವು. ಕಾನೂನು ಕಡಿಮೆ, ಬೆಂಚು ಜಾಸ್ತಿ. ಒಂದು ವಾಕ್ಯ ಪುಟದ ತುದಿಯಿಂದ ಹೊರಟರೆ ಮುಂದಿನ ಪುಟದಲ್ಲಿ ಉಸಿರು ಬಿಡುತ್ತಿತ್ತಂತೆ. ಇನ್ನು ಅಡಿಟಿಪ್ಪಣಿಗಳು. ತೀರ್ಪು, ಪುಟ ಇರಬೇಕಾದಲ್ಲಿ ಒಂದೇ ಮಾತು: 'ನಾನೇ ನೋಡಿದ್ದು.' ಅದರ ಕೆಳಗೆ 'ಮೇಲಿನಂತೆ.' ಅದರ ಕೆಳಗೂ 'ಮೇಲಿನಂತೆ.'

ಸೂಜಿ ಕುರ್ಚಿಯಿಂದ ಎದ್ದಳು. ಇದನ್ನು ಬರೆದಾತ ಕೆಲಸವಿಲ್ಲದ ಮುದಿ ವಕೀಲ, ಬಗಲಲ್ಲಿ ಕೊಡೆ ಇಟ್ಟುಕೊಂಡು ಕೋರ್ಟಿನ ಪಡಸಾಲೆಯಲ್ಲಿ ಅಡ್ಡಾಡುವವನು ಎಂದು ಕಲ್ಪಿಸಿ, ಅವನ ದನಿ ಮಾಡಿ ಓದಿದಳು. ಪ್ರತಿ ವಾಕ್ಯಕ್ಕೂ ಕನ್ನಡಕ ಸರಿಪಡಿಸಿಕೊಳ್ಳುವಂತೆ ಮಾಡಿ, ತಗ್ಗಿದ ದನಿಯಲ್ಲಿ 'ಮೇಲಿನಂತೆ' ಎನ್ನುವಳು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರಂತೆ. ಬೀಗನೂ ನಕ್ಕ. ಅವನಿಗೆ ಹೆಸರು ಗೊತ್ತಿತ್ತು, ನಂಟು ಗೊತ್ತಿರಲಿಲ್ಲ. ವಾಪಸ್ ಕಳಿಸುವ ಟಿಪ್ಪಣಿಯನ್ನು ಬರೆದವಳೂ ಇವಳೇ. ಸರಿಯಾದ ನಾಲ್ಕು ಮಾತು ಬರೆದು ಕೊನೆಯಲ್ಲಿ ಒಂದು ಚುಚ್ಚು ಇಟ್ಟಳು: 'ಲೇಖಕರು ತಮ್ಮ ಕಣ್ಣುಗಳೇ ಗ್ರಂಥಾಲಯವೆಂದು ಭಾವಿಸಿದಂತಿದೆ.'

ಆಮೇಲೆ 'ನಾನೇ ನೋಡಿದ್ದು' ಎಂಬ ಮಾತು ಕೋಣೆಯಲ್ಲಿ ಮನೆ ಮಾಡಿತು. ಟೀ ಮುಗಿದಿದೆ ಎಂದು ಒಬ್ಬರೆಂದರೆ ಇನ್ನೊಬ್ಬರು "ಆಧಾರ?" ಎನ್ನುವುದು, "ನಾನೇ ನೋಡಿದ್ದು" ಎಂದು ಉತ್ತರ ಬರುವುದು. ಪತ್ರಿಕೆಯ ವಾರ್ಷಿಕೋತ್ಸವಕ್ಕೆ ಟೀ ಕಪ್ಪುಗಳ ಮೇಲೆ ಈ ಮಾತನ್ನೇ ಅಚ್ಚು ಹಾಕಿಸೋಣ ಎಂದು ಹೇಳಿದವಳೂ ಸೂಜಿಯೇ.

ರಜಕ್ಕೆ ಬಂದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಲಾಯರಮ್ಮ ಬಡಿಸುತ್ತಿದ್ದಳು. ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಅಂಗಡಿ ನಡೆಸುವ ನನ್ನ ಮಗನಿಗೆ ಮಗಳು ಬಂದರೆ ಬಾಯಿ ಸುಮ್ಮನಿರುವುದಿಲ್ಲ.

"ಏನಮ್ಮ ಸಂಪಾದಕಿ, ಈ ಸಲ ಯಾರ ಯಾರ ತಲೆ ತೆಗೆದೆ?"

"ಒಂದು ಗುಬ್ಬಿ ಸಿಕ್ಕಿತ್ತಪ್ಪ," ಎಂದು ಶುರು ಮಾಡಿದಳು. ಮುದುಕನ ದನಿ ಬಂತು, ಇಲ್ಲದ ಕನ್ನಡಕವೂ ಬಂತು. ಮಗ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕು ಕೆಮ್ಮಿದ. ಅವಳ ಅಮ್ಮನೂ ನಕ್ಕಳು, ನಾನೂ ನಕ್ಕೆ. ಹುಡುಗಿ ಚೆನ್ನಾಗಿಯೇ ಮಾಡುತ್ತಿದ್ದಳು.

"ಕೇಳಿ, ಕೇಳಿ. 'ಮಗುವು ಗೋಡೆಯ ಬದಿಯ ಬೆಂಚಿನ ಮೇಲೆ ಕೂರುತ್ತದೆ. ಅದು ತಂದೆಯ ಕಡೆ ನೋಡುವುದಿಲ್ಲ. ತಾಯಿಯ ಕಡೆಯೂ ನೋಡುವುದಿಲ್ಲ.' ಅಡಿಟಿಪ್ಪಣಿ: ನಾನೇ ನೋಡಿದ್ದು. 'ಅದು...' ಮುಂದೇನೋ ಇತ್ತಪ್ಪ. ಕಿಟಕಿ ಕಡೆ ನೋಡುತ್ತದೆ ಅಂತಲೋ ಏನೋ."

"ಚಪ್ಪಲಿ ಕಡೆ," ಎಂದಳು ಲಾಯರಮ್ಮ, ಸೌಟು ಪಾತ್ರೆಯಲ್ಲಿಯೇ ಇತ್ತು. "ಯಾರು ಮೊದಲು ಎದ್ದು ಹೋಗ್ತಾರೆ ಅಂತ ಇಬ್ಬರ ಚಪ್ಪಲಿನೂ ನೋಡ್ತಾ ಕೂತಿರುತ್ತೆ."

ಯಾರೋ ತಪ್ಪು ಹೇಳಿದ್ದನ್ನು ಸರಿ ಮಾಡುವ ದನಿ ಅದು, ಅದಕ್ಕಿಂತ ಹೆಚ್ಚೇನೂ ಇರಲಿಲ್ಲ. ಹೇಳಿದ ಮೇಲೆಯೇ ಅವಳಿಗೆ ತಾನು ಹೇಳಿದ್ದು ಕೇಳಿಸಿರಬೇಕು. ಸೌಟು ಎತ್ತಿ ನನ್ನ ತಟ್ಟೆಗೆ ಬಡಿಸಿದಳು. ನಾನು ಸಾಕೆಂದಿದ್ದರೂ ಬಡಿಸಿದಳು. ಸೂಜಿಯ ಕೈ ಕನ್ನಡಕ ಹಿಡಿದ ಹಾಗೆ ಗಾಳಿಯಲ್ಲಿಯೇ ಇತ್ತು. ನನ್ನ ಮಗ ಒಮ್ಮೆ ಅಕ್ಕನನ್ನು, ಒಮ್ಮೆ ಮಗಳನ್ನು ನೋಡಿ, ಅನ್ನ ಅರ್ಧ ಬಿಟ್ಟು ಕೈ ತೊಳೆಯಲು ಎದ್ದುಹೋದ.

"ಊಟ ಮಾಡಿ," ಎಂದಳು ಲಾಯರಮ್ಮ. "ತಣ್ಣಗಾಗ್ತಿದೆ."

ಅಂದು ಸಂಜೆ ಸೂಜಿ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಹೋಗುವ ಧೈರ್ಯ ಸಾಲದೆ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿದ್ದೆ, ಗೋಡೆ ತೆಳು.

"ಅತ್ತೆ, ನನಗೆ ಗೊತ್ತಿರಲಿಲ್ಲ."

"ಗೊತ್ತಿರಬಾರದು ಅಂತ ತಾನೆ ಹೆಸರು ತೆಗೆಯೋದು. ನೀನೇ ಅಷ್ಟು ಹೊಗಳಿದ್ದೆ. ನಾನು ಅದಕ್ಕೇ ಕಳಿಸಿದ್ದು. ನನ್ನ ಮುಖ ನೋಡದೆ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋರು ನನಗೆ ಇನ್ನೆಲ್ಲಿ ಸಿಗ್ತಾರೆ."

"ಆ ಟಿಪ್ಪಣಿ..."

"ನಿನ್ನದೇ ಅಂತ ಬಂದ ದಿನವೇ ಗೊತ್ತಾಯ್ತು ಕಣೇ. ನಿನ್ನ ಚುಚ್ಚು ನನಗೆ ಗೊತ್ತಾಗದೆ ಇರುತ್ತಾ." ಕಪಾಟು ಮುಚ್ಚಿದ ಸದ್ದು ಬಂತು. "ಅಲ್ಲಿ ಯಾರಿಗೂ ನನ್ನ ಹೆಸರು ಹೇಳಬೇಡ. ಅಷ್ಟೇ ಕೇಳೋದು."

ಅಂದರೆ ಆ ಟಿಪ್ಪಣಿ ಬಂದು ತಿಂಗಳುಗಳೇ ಆಗಿದ್ದವು. ಅಷ್ಟು ದಿನವೂ ಲಾಯರಮ್ಮ ನಮ್ಮ ಜೊತೆ ಊಟ ಮಾಡಿದ್ದಳು, ಸೂಜಿ ಫೋನ್ ಮಾಡಿದಾಗ ಮಾತಾಡಿದ್ದಳು. ಬೆಳಗ್ಗೆ ಎದ್ದು ಕಿಟಕಿಯ ಬಳಿ ಕೂತು ಬರೆಯುತ್ತಿದ್ದದ್ದು ನಿಂತಿದ್ದನ್ನು ನಾನು ಗಮನಿಸಿದ್ದೆ, ಕೋರ್ಟಿನ ಕೆಲಸ ಹೆಚ್ಚಾಗಿರಬೇಕು ಎಂದುಕೊಂಡಿದ್ದೆ.

ಮಾರನೆಯ ದಿನದಿಂದ ನಮ್ಮ ಅಡುಗೆಮನೆಯಲ್ಲಿ ಕೋರ್ಟು ನಿಂತುಹೋಯಿತು. ಕೋಟು ಮೊಳೆಗೆ ಸಿಕ್ಕಿಸುವಳು, ಸ್ಟೂಲಿನ ಮೇಲೆ ಕೂರುವಳು, "ನೀರು ಬಂತಾ? ಹಾಲಿನವನು ಬಂದಿದ್ನಾ?" ಎಂದು ಕೇಳುವಳು. ಸೂಜಿ ಇಲ್ಲದಾಗ ನನ್ನ ಹತ್ತಿರ ಒಂದೆರಡು ಮಾತು ಹೇಳುವಳು, ಮೆಟ್ಟಿಲ ಮೇಲೆ ಹುಡುಗಿಯ ಹೆಜ್ಜೆ ಸದ್ದಾದರೆ 'ಒಬ್ಬಾಕೆ' ಎಂದವಳು ಅಲ್ಲಿಗೇ ಬಿಟ್ಟು ಹಾಲಿನ ಪಾತ್ರೆಗೆ ಮುಚ್ಚಳ ಹುಡುಕುವಳು. ಸಿಟ್ಟು ಮಾಡಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಹುಡುಗಿಯ ತಲೆಗೆ ಎಣ್ಣೆಯನ್ನೂ ಹಚ್ಚಿದಳು. ಕೋರ್ಟಿನ ಮಾತು ಮಾತ್ರ ಅವಳ ಎದುರು ಇಲ್ಲ. ಸೂಜಿಗೆ ಬೇರೆ ಯಾವ ಶಿಕ್ಷೆಯೂ ಇಷ್ಟು ತಾಗುತ್ತಿರಲಿಲ್ಲ. "ಬೈದುಬಿಟ್ಟಿದ್ರೆ ಚೆನ್ನಾಗಿತ್ತು ಅಜ್ಜಿ," ಎಂದಳು. "ಇನ್ನು ನನ್ನೆದುರು ಅತ್ತೆ ಬಾಯಿ ಬಿಡಲ್ಲ. ನಾನು ಇದನ್ನೂ ಎಲ್ಲೋ ಹೋಗಿ ದನಿ ಮಾಡಿ ಹೇಳ್ತೀನಿ ಅಂತ ಅವರಿಗೆ ಅನ್ನಿಸಿದ್ರೆ ಅದು ತಪ್ಪಾ?"

ನಾನು ಕೊನೆಯ ಬಟ್ಟೆ ಮಡಚಿಟ್ಟು, ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ.

ಕಾಲೇಜಿಗೆ ಹಿಂದಿರುಗಿದವಳು ಮೊದಲು ಮಾಡಿದ್ದು ಆ ಕಪ್ಪುಗಳನ್ನು ನಿಲ್ಲಿಸಲು ನೋಡಿದ್ದು. ಅಲ್ಲಿ ನಡೆದದ್ದನ್ನು ಮುಂದಿನ ಸಲ ಬಂದಾಗ ಅವಳೇ ನನಗೆ ಹೇಳಿದಳು, ಒಂದು ಮಾತನ್ನೂ ತನ್ನ ಕಡೆಗೆ ಎಳೆದುಕೊಳ್ಳದೆ.

ಪತ್ರಿಕೆಯ ಹಿರಿಯ ಸಂಪಾದಕನನ್ನು ಎಲ್ಲರೂ 'ದೊಡ್ಡಣ್ಣ' ಎನ್ನುತ್ತಾರೆ. ಶುಕ್ರವಾರ ಎಲ್ಲರ ಮುಂದೆ ಅವನಿಗೆ, "ಕಪ್ಪಿನ ಮೇಲೆ ಆ ಮಾತು ಬೇಡ," ಎಂದಳು.

"ಹೇಳಿದವಳು ನೀನೇ ಅಲ್ವಾ?"

"ನಾನೇ. ಈಗ ಬೇಡ ಅಂತಿದೀನಿ."

"ಆಧಾರ?" ಎಂದ ದೊಡ್ಡಣ್ಣ. ಕೋಣೆ ನಕ್ಕಿತು. ಅವಳು ಬಾಯಿ ಬಿಟ್ಟರೆ ಅತ್ತೆಗೆ ಕೊಟ್ಟ ಮಾತು ಮುರಿಯಬೇಕು, ಪತ್ರಿಕೆಯ ನಿಯಮವನ್ನೂ ಮುರಿಯಬೇಕು. ಬಾಯಿ ಮುಚ್ಚಿದರೆ ಕಾರಣವಿಲ್ಲದೆ ಹಟ ಹಿಡಿದ ಹಾಗೆ.

"ಬರೆದವರು ಒಬ್ಬರು ಇರ್ತಾರಲ್ಲ," ಎಂದಳು.

"ಗುಬ್ಬಿಗೆ ಕಪ್ಪು ಯಾರು ತೋರಿಸ್ತಾರೆ ಸೂಜಿ? ನಗೋವಾಗ ನಿನಗೆ ಅದು ನೆನಪಿರಲಿಲ್ಲವಾ?"

"ಇರಲಿಲ್ಲ. ನಾನು ಓದಿದ ರೀತಿ ತಪ್ಪು. ನೀವೆಲ್ಲ ನಕ್ಕಿದ್ದು ನಾನು ನಗಿಸಿದ್ದಕ್ಕೆ."

ಒಂದಿಬ್ಬರು ನೆಲ ನೋಡಿದರು. ಮಿಕ್ಕವರು, ಈಕೆಗೆ ಇವತ್ತು ಯಾವ ಗಾಳಿ ಬಡಿಯಿತೋ ಎಂಬಂತೆ ಮುಖ ಮುಖ ನೋಡಿಕೊಂಡರು. ಕಪ್ಪುಗಳು ಆಗಲೇ ಅಚ್ಚಾಗಿ ಬಂದಿವೆ, ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿವೆ ಎಂದ ದೊಡ್ಡಣ್ಣ. ಹಂಚಿದರು. ಇವಳು ತೆಗೆದುಕೊಳ್ಳಲಿಲ್ಲ. ಇನ್ನು ಮೇಲೆ ಬೇಕು ಬೇಡ ಹೇಳುವ ಕೆಲಸ ತನಗೆ ಬೇಡ, ಹೊಸಬರ ಜೊತೆ ಆಧಾರ ನೋಡುತ್ತೇನೆ ಎಂದಳು. ಅದಕ್ಕೂ ನಕ್ಕರು, ಆದರೆ ಸ್ವಲ್ಪ.

ಹೊರಗೆ ಬಂದಾಗ ಬೀಗ ಹಿಂದಿನಿಂದ ಬಂದ. "ನಿನಗೆ ಯಾರು ಅಂತ ಗೊತ್ತಾಗಿದೆ," ಎಂದ. ಇವಳು ನಡೆಯುತ್ತಲೇ ಇದ್ದಳು. "ಸರಿ, ನಾನು ಕೇಳಲ್ಲ. ನೀವೆಲ್ಲ ಹೆಸರಿಲ್ಲದ್ದನ್ನ ನೋಡಿ ನಕ್ಕಿರಿ. ನಾನು ಹೆಸರು ಗೊತ್ತಿದ್ದೂ ನಕ್ಕೆ." ಅಷ್ಟು ಹೇಳಿ ಕ್ಲಾಸಿಗೆ ಹೋದನಂತೆ.

ಇದನ್ನೆಲ್ಲ ಅತ್ತೆಗೂ ಹೇಳಲೇಬೇಕು ಎಂದು ಸೂಜಿ ಹಟ ಹಿಡಿದಳು. ಕಪ್ಪುಗಳ ವಿಷಯ ಅತ್ತೆಗೆ ಗೊತ್ತೇ ಇರಲಿಲ್ಲ, ಹೇಳದಿದ್ದರೂ ನಡೆಯುತ್ತಿತ್ತು. "ಇನ್ನೊಂದು ಬಚ್ಚಿಟ್ಟುಕೊಂಡು ಅವರ ಮುಖ ನೋಡಕ್ಕಾಗಲ್ಲ," ಎಂದಳು. ಶನಿವಾರ ಬೆಳಗ್ಗೆ ಲಾಯರಮ್ಮ ಕೋರ್ಟಿಗೆ ಹೊರಡುವ ಮುಂಚೆ ಕೊರಳಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. ಕನ್ನಡಿಯ ಮುಂದೆಯೇ ಎಲ್ಲ ಕೇಳಿಸಿಕೊಂಡಳು.

"ಕಪ್ಪು ಹೇಗಿದೆ? ದೊಡ್ಡದಾ?" ಎಂದಳು ಕೊನೆಗೆ. "ಒಂದು ತಂದಿದ್ರೆ ಆಗ್ತಿತ್ತು. ಕೋರ್ಟಿನ ಟೀ ಕಪ್ಪು ಎಲ್ಲ ಸೋರುತ್ತೆ."

ನಗಬೇಕೋ ಬೇಡವೋ ತಿಳಿಯದೆ ಹುಡುಗಿಯ ತುಟಿ ಅದುರಿತು.

"ಅಳಬೇಡ," ಎಂದಳು ಅತ್ತೆ. "ನೀನು ಅತ್ರೆ ನಾನು ಸಮಾಧಾನ ಮಾಡಬೇಕು. ನನಗೆ ಈಗ ಅದು ಆಗಲ್ಲ." ಕೊರಳಪಟ್ಟಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. "ವಾಪಸ್ ಕಳಿಸಿದ್ದು ಸರಿ. ಓದಿ ನೋಡಿದೆ, ನನಗೇ ಉಸಿರು ಕಟ್ಟುತ್ತೆ. ನನ್ನನ್ನ ನೋಡಿ ನಕ್ಕಿದ್ರೆ ಅದೂ ಇರಲಿ, ಕೋರ್ಟಲ್ಲಿ ದಿನಾ ಯಾರೋ ನಗ್ತಾರೆ. ಆದ್ರೆ ಆ ಮಗು ಇದೆ ಕಣೇ. ಈಗಲೂ ಆ ಕೋಣೆಗೆ ಬರುತ್ತೆ. ಅದು ಚಪ್ಪಲಿ ನೋಡೋದನ್ನ ನಾನು ಯಾರ ಹತ್ರನೂ ಹೇಳಿರಲಿಲ್ಲ, ನಿಮ್ಮಜ್ಜಿ ಹತ್ರನೂ ಹೇಳಿರಲಿಲ್ಲ. ಅದನ್ನ ನಗೋರ ಮಧ್ಯೆ ತಗೊಂಡು ಹೋಗಿ ಇಟ್ಟವಳು ನಾನು. ಮೊನ್ನೆ ಅದರ ಮುಂದೆ ಹಾದು ಹೋಗಕ್ಕೆ ನನಗೆ ನಾಚಿಕೆ ಆಯ್ತು."

"ನಾನೂ ಬರ್ಲಾ ಅತ್ತೆ, ಇವತ್ತು?"

"ಬೇಡ. ಅದು ನೋಡಕ್ಕೆ ಬರೋ ಜಾಗ ಅಲ್ಲ."

ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಸೂಜಿ ಆ ದಿನವೆಲ್ಲ ಮನೆಯಲ್ಲಿ ಒಂದು ಕಡೆ ನಿಲ್ಲಲಿಲ್ಲ. ಅಪ್ಪನ ಅಂಗಡಿಗೆ ಹೋಗಿ ಬಂದಳು, ಕಪಾಟು ಒರೆಸಿದಳು, ಪುಸ್ತಕ ತೆಗೆದು ಅದೇ ಪುಟದಲ್ಲಿ ಮುಚ್ಚಿದಳು. ನಾಚಿಕೆ ಅನ್ನುವುದು ಜ್ವರದ ಹಾಗೆ, ಪಕ್ಕದಲ್ಲಿ ಕೂರಬಹುದು, ಪಾಲು ತೆಗೆದುಕೊಳ್ಳಲು ಬರುವುದಿಲ್ಲ.

ಸಂಜೆ ಲಾಯರಮ್ಮ ಬಂದಾಗ ಸೂಜಿ ಸಿಂಕಿನ ಮುಂದೆ ನಿಂತು ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದಳು. ಅತ್ತೆಯ ಹೆಜ್ಜೆ ಕೇಳಿ, ಅಡುಗೆಮನೆ ಖಾಲಿ ಮಾಡಿಕೊಡುವವಳ ಹಾಗೆ ಕೈ ಒರೆಸಿಕೊಂಡು ಹೊರಗೆ ಹೋಗಲು ನೋಡಿದಳು. ಈಚೆಗೆ ಅವಳೇ ಹಾಗೆ ಎದ್ದು ಹೋಗುವುದನ್ನು ರೂಢಿ ಮಾಡಿಕೊಂಡಿದ್ದಳು.

"ಪಾತ್ರೆ ಅರ್ಧಕ್ಕೆ ಬಿಟ್ಟು ಎಲ್ಲಿಗೆ?" ಎಂದಳು ಲಾಯರಮ್ಮ.

ಸೂಜಿ ಮತ್ತೆ ಸಿಂಕಿನ ಕಡೆ ತಿರುಗಿದಳು. ನಾನು ಟೀ ಕೊಟ್ಟೆ. ಲಾಯರಮ್ಮ ಒಂದು ಗುಟುಕು ಕುಡಿದು, ಕಾಲು ಚಾಚಿ, ಹುಡುಗಿಯ ಬೆನ್ನಿನ ಕಡೆ ನೋಡದೆ ನನ್ನ ಕಡೆ ತಿರುಗಿ ಕೂತಳು.

"ಅಮ್ಮ, ಇವತ್ತು ಹೊಸ ಜಡ್ಜ್ ಬಂದಿದ್ರು. ಮೇಜು ಬಿಟ್ಟು ಎದ್ದು ಬಂದು ಒಂದು ಮಗು ಹತ್ರ ಬಗ್ಗಿ, 'ನಿನಗೆ ಏನು ಬೇಕು ಹೇಳು ಮರಿ, ಹೆದರಬೇಡ' ಅಂದ್ರು. ಎರಡು ಕಡೆ ವಕೀಲರೂ ಉಸಿರು ಹಿಡ್ಕೊಂಡು ನಿಂತಿದೀವಿ, ಅಪ್ಪ ಬೇಕು ಅನ್ನುತ್ತಾ ಅಮ್ಮ ಬೇಕು ಅನ್ನುತ್ತಾ ಅಂತ. ಮಗು ತುಂಬ ಯೋಚನೆ ಮಾಡ್ತು..."

ಸಿಂಕಿನಲ್ಲಿ ನೀರು ಜೋರಾಗಿ ಬೀಳುತ್ತಿತ್ತು. ಸೂಜಿ ನಲ್ಲಿಯನ್ನು ತಿರುಗಿಸಿ, ದಾರದಷ್ಟು ಸಣ್ಣಗೆ ಮಾಡಿದಳು. ಹಿಂದಿರುಗಿ ನೋಡಲಿಲ್ಲ, ಒಂದು ಮಾತೂ ಕೇಳಲಿಲ್ಲ. ತಟ್ಟೆಗೆ ತಟ್ಟೆ ತಾಗದ ಹಾಗೆ ಒಂದೊಂದನ್ನೇ ತೊಳೆದು, ಬಟ್ಟೆಯ ಮೇಲೆ ಮೆಲ್ಲಗೆ ಬೋರಲು ಹಾಕುತ್ತಾ ಹೋದಳು.